ಸ್ಪ್ರೇಯರ್ ಮೋಟರಿನ ದೋಣಿ

ನನ್ನ ದೋಣಿ ನೋಡಿದವರೆಲ್ಲಾ ಕೇಳೂದು ಒಂದೇ ಮಾತು. ಈ ವಯಸ್ಸಿನ್ಯಾಗ ಈ ಹುಚ್ಚು ಎಲ್ಲಿಂದ ಹತ್ತಿತ್ರಿ ನಿಮಗ, ಅಂತ. ನಕ್ಕೋತ ಕೇಳ್ತಾರ. ನಾನೂ ನಕ್ಕು ಸುಮ್ಮನಾಗ್ತೀನಿ. ಹುಚ್ಚಲ್ಲ ಅದು, ಸಿಟ್ಟು. ಸಿಟ್ಟಿನ್ಯಾಗ ಕುಂತು ಇಪ್ಪತ್ತೆಂಟು ಇಂಚು ಉದ್ದದ ದೋಣಿ ಮಾಡಿದೆ, ರಿಮೋಟಿನಿಂದ ಓಡಿಸಿದೆ, ಮೋಬೈಲಿನ್ಯಾಗ ನನ್ನ ವಿಡಿಯೋ ಊರೆಲ್ಲಾ ತಿರುಗಿತು. ಆ ವಿಡಿಯೋ ನಾ ಇವತ್ತಿನ ತನಕ ಪೂರಾ ನೋಡಿಲ್ಲ.

ಅಫಜಲಪುರದಾಗ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಬೋರಿನ ಮೋಟರ್, ಹೊಳಿ ಮೋಟರ್, ಗಿರಣಿ ಮೋಟರ್, ಸುಟ್ಟದ್ದು ಯಾವುದರೇ ಬರ್ಲಿ, ಒಳಗಿನ ಹಳೇ ತಂತಿ ಕಿತ್ತು ಹೊಸಾ ತಾಮ್ರದ ತಂತಿ ಸುತ್ತಿ ಕೊಡೂದು ಕೆಲಸ. ಅಂಗಡಿ ಹಾಕಿದಾಂವ ನಾನು. ನನ್ನ ತಮ್ಮಗ ಇಕ್ಕಳ ಹಿಡಿಯೂದು ಕಲಿಸಿದಾಂವನೂ ನಾನು. ಆಳಂದ ಕಡಿಂದ, ಜೇವರ್ಗಿ ಕಡಿಂದ ಮಂದಿ ಟಂಟಂ ಆಟೋದಾಗ ಮೋಟರ್ ಹೇರಿಕೊಂಡು ಬರ್ತಿದ್ರು. ನಡುವ ಏನು ಬ್ಯಾರೆ ಅಂಗಡಿ ಇರಲಿಲ್ಲೇನು? ಇದ್ದವು. ಆದ್ರೂ, ಅಲ್ಲಿ ಕೈ ಚಲೋ ಅದ ಅಂತ ನಮ್ಮಲ್ಲೇ ಬರ್ತಿದ್ರು. ಅವರು ಹೇಳತಿದ್ದ ಆ ಕೈ ನನ್ನದು.

ಎರಡು ವರ್ಷದ ಹಿಂದ, ಬ್ಯಾಸಗ್ಯಾಗ, ಆ ಬಲಗೈಗೇ ಲಕ್ವಾ ಹೊಡೀತು. ಮುಂಜಾನಿ ಚಹಾದ ಕಪ್ಪು ಹಿಡಿಯಾಕ ಹೋದೆ, ಕೈ ನನ್ನ ಮಾತು ಕೇಳಲಿಲ್ಲ. ಕಲಬುರಗಿ ದವಾಖಾನ್ಯಾಗ ಇಟ್ಟರು, ಸೂಜಿ ಚುಚ್ಚಿದ್ರು, ರಬ್ಬರ್ ಚೆಂಡು ಕೊಟ್ಟು ಹಿಚುಕ್ರಿ ಅಂದ್ರು. ಕಾಲು ಬಂತು, ಸೊಟ್ಟಾದ ಬಾಯಿ ನೆಟ್ಟಗಾತು, ಕೈಯೂ ಮ್ಯಾಲೆದ್ದಿತು. ಆದ್ರ ಹೆಬ್ಬೆಟ್ಟು, ತೋರಬೆಟ್ಟು ಎರಡಕ್ಕೂ ಮುಟ್ಟಿದ್ದರ ಖಬರು ಇಲ್ಲ. ಸುತ್ತಿಗಿ ಹಿಡೀತೀನಿ, ಗರಗಸ ಹಿಡೀತೀನಿ. ಸಣ್ಣ ತಂತಿ ಬೆರಳ ನಡುವ ಅದನೋ ಜಾರಿ ಹೋತೋ, ಕಣ್ಣಿಂದ ನೋಡಿದರಷ್ಟೇ ಗೊತ್ತಾಗ್ತದ.

ಆರು ತಿಂಗಳಾದ ಮ್ಯಾಲ ಮತ್ತ ಹೋಗಿ ಅಂಗಡ್ಯಾಗ ಕುಂತೆ. ಕಿಣ್ಣಿ ಸುಲ್ತಾನ ಊರಿನ ಒಬ್ಬ ರೈತನ ಮೋಟರ್ ಬಂದಿತ್ತು. ತಮ್ಮ ಬ್ಯಾಡ ಅಂದ್ರೂ ನಾನೇ ಸುತ್ತಿದೆ. ಎರಡನೇ ದಿನಾನೇ ಅದು ಹೊಗಿ ಬಿಟ್ಟು ವಾಪಸ್ ಬಂತು. ಒಳಗ ಒಂದು ಸುತ್ತು ಜಾರಿ, ಮ್ಯಾಲಿನ ಪದರ ಕೆತ್ತಿ, ತಂತಿಗೆ ತಂತಿ ತಾಗಿತ್ತು. ಆ ರೈತ ನನಗ ಬೈದಿದ್ರೂ ನಡೀತಿತ್ತು. ಅಂವ ನನ್ನ ಕೈ ನೋಡಿದ, ಮುಖ ತಿರುಗಿಸಿ ತಮ್ಮಗ ಬೈದ. ಮರುದಿನ ನಾ ಹೋಗೂದರಾಗ ನನ್ನ ಸ್ಟೂಲು ಬಾಗಿಲ ಹತ್ತಿರ, ಗಿರಾಕಿ ಕುಂಡ್ರೂ ಬೆಂಚಿನ ಬಾಜೂಕ ಬಂದಿತ್ತು.

"ಇಲ್ಲಿ ಗಾಳಿ ಚಲೋ ಬರ್ತದಣ್ಣಾ" ಅಂದ.

"ನಾ ನಿನಗ ಗಾಳಿ ಕೇಳಿದ್ನೇನಲೇ?" ಅಂದೆ.

ಗಿರಾಕಿ ಇದ್ರು, ಅಂವ ನನ್ನ ಹೊರಗ ಕರಕೊಂಡು ಬಂದ. ಅಂವ ಯಾವತ್ತೂ ದನಿ ಏರಿಸಿದಾಂವಲ್ಲ, ಅದೇ ನನಗ ಬೆಂಕಿ ಹಚ್ಚೂದು. "ಅಣ್ಣಾ, ನಾ ಏನು ನಿನ್ನ ಜಾಗಾ ಕಸಗೊಂಡೀನೇನು? ಕೈ ಪೂರಾ ಬರ್ಲಿ. ಒಂದು ಸಣ್ಣ ಆರ್ಮೇಚರ್ ಸುತ್ತಿ ತೋರಿಸು. ಅದು ಓಡ್ಲಿ. ಅವತ್ತೇ ನಾ ಎದ್ದು ನಿನ್ನ ಜಾಗಾ ನಿನಗ ಬಿಡ್ತೀನಿ" ಅಂದ. ಆರ್ಮೇಚರ್ ಅಂದ್ರ ಮೋಟರಿನ ಒಳಗ ತಿರುಗೂ ಗುಂಡು. ಹರೇದಾಗ ನಾ ಅದನ್ನ ಮಾತಾಡ್ಕೋತ, ಎಲಿ ಅಡಿಕಿ ತಿನಕೋತ ಸುತ್ತಿ ಒಗೀತಿದ್ದೆ. ಈಗ ನನ್ನ ಕೈಯಾಗ ಕಲ್ತಾಂವ ನನಗೇ ಪರೀಕ್ಷಾ ಇಟ್ಟಿದ್ದ.

"ಬರೇ ಮೋಟರ್ ಯಾಕ ತೋರಿಸ್ಲಿ? ಅದನ್ನ ಹಾಕಿ ಹೊಳ್ಯಾಗ ದೋಣಿ ಓಡಿಸ್ತೀನಿ, ಬಂದು ನೋಡು" ಅಂದುಬಿಟ್ಟೆ. ಯಾಕ ಅಂದೆ, ಇವತ್ತಿಗೂ ನನಗ ತಿಳಿದಿಲ್ಲ. ಟೇಬಲ್ ಮ್ಯಾಲ ಒಂದು ಮೋಟರ್ ತಿರುಗಿದ್ರ ಅಂವ ಒಬ್ಬನೇ ನೋಡ್ತಿದ್ದ. ನನಗ ನಾಲ್ಕು ಮಂದಿ ನಿಂತು ನೋಡಬೇಕಿತ್ತು. ಕಿಣ್ಣಿ ಸುಲ್ತಾನದ ಆ ರೈತನ ಕಿವಿಗೂ ಬೀಳಬೇಕಿತ್ತು.

ದೋಣಿ ನನಗ ಗೊತ್ತಿಲ್ಲದ್ದಲ್ಲ. ನಮ್ಮವ್ವ ಹೊಳಿ ಆಚಿ ದಂಡಿ ಊರಾಕಿ. ನಾ ಸಣ್ಣಾಂವಿದ್ದಾಗ ಆಕಿ ತವರಿಗೆ ಹೋದ್ರ ಘತ್ತರಗಿ ಭಾಗ್ಯವಂತಿ ಗುಡಿಗೆ ಬರೂ ಮಂದಿ ಜೋಡಿ ದೋಣ್ಯಾಗ ಕುಂತು ಭೀಮಾ ದಾಟತಿದ್ವಿ. ಈಗ ಹೊಳಿಗೆ ಕಟ್ಟಿದ ಪೂಲಿನ ಮ್ಯಾಲ ಗಾಡಿ ಓಡ್ತಾವ, ದೋಣಿ ಯಾರಿಗೆ ಬೇಕು. ಅಂಥಾದ್ದೊಂದು ಹಳೇ ದೋಣಿ ಹೊಳಿ ದಂಡಿ ಮ್ಯಾಲ ಬೋರಲು ಬಿದ್ದಿತ್ತು, ಅರ್ಧ ಹಲಿಗಿ ಯಾರೋ ಒಲಿಗೆ ಒಯ್ದಿದ್ರು. ನಾನು ಹೆಂಡತಿ ಹೋಗಿ ಟೇಪ್ ಹಿಡಿದು ಅಳದ್ವಿ. ಇಪ್ಪತ್ತೆಂಟು ಫೂಟು ಬಂತು. ಫೂಟಿಗೆ ಒಂದು ಇಂಚಿನ ಲೆಕ್ಕ ಹಿಡಿದೆ. ಹಲಿಗಿ ಎಷ್ಟು, ಅಡ್ಡ ಪಟ್ಟಿ ಎಷ್ಟು, ಮೂತಿ ಎಷ್ಟು ಮ್ಯಾಲೆದ್ದದ ಅಂತ ಎಲ್ಲಾ ಬರಕೊಂಡೆ. ಆಕಿ ಟೇಪಿನ ಇನ್ನೊಂದು ತುದಿ ಹಿಡಕೊಂಡು, "ನಿಮ್ಮ ತಮ್ಮ ಕೇಳಿದ್ದು ಒಂದು ಮೋಟರ್ರಿ, ನೀವು ಹಡಗ ಕಟ್ಟಲಾಕತ್ತೀರಿ" ಅಂದ್ಳು.

ಸಾಮಾನು ಒಂದೂ ಹೊಸಾದು ತಂದಿಲ್ಲ. ಅಂಗಡಿ ಹಿಂದ ಗುಜರಿ ಗುಡ್ಡಾನೇ ಇತ್ತು. ಬೋರಿಗೆ ಇಳಿಸೂ ಪೈಪಿನ ಒಡದ ತುಂಡು ತಂದು ಉದ್ದಕ ಸೀಳಿ, ಗ್ಯಾಸಿನ ಒಲಿ ಮ್ಯಾಲ ಕಾಸಿ, ಮೆತ್ತಗಾದ ಕೂಡ್ಲೇ ಎರಡು ಶಹಾಬಾದ್ ಫರಸಿ ಕಲ್ಲಿನ ನಡುವ ಇಟ್ಟು ಮ್ಯಾಲ ನಾನೇ ನಿಂತೆ. ಚಪ್ಪಟಿ ಹಲಿಗಿ ಆತು. ಅದನ್ನ ಕೊಯ್ದು ಪೈಪಿಗೆ ಹಚ್ಚೂ ಅಂಟಿನಿಂದ ಜೋಡಿಸಿದೆ. ಸೈಕಲ್ ಚಕ್ರದ ಕಡ್ಡಿ ಫ್ಯಾನಿನ ದಂಡಿಗಿ ಆತು, ಹಳೇ ರೇಡಿಯೋದ ಏರಿಯಲ್ ಕೊಳವಿ ಅದರ ಮ್ಯಾಲಿನ ಕವಚ. ನೀರಾಗ ತಿರುಗೂ ಫ್ಯಾನು ಸೀಮೆಎಣ್ಣಿ ಸ್ಟೌವಿನ ಹಿತ್ತಾಳಿ ಟಾಕಿ ಕೊಯ್ದು ಮಾಡಿದ್ದು. ರಿಮೋಟು ಬಸ್ ಸ್ಟ್ಯಾಂಡ್ ಮುಂದಿನ ಆಟದ ಸಾಮಾನಿನ ಅಂಗಡ್ಯಾಗ ಸಿಕ್ಕಿತು, ಅದರ ಜೋಡಿ ಇದ್ದ ಆಟದ ಕಾರು ಒಡದಿತ್ತು, ಒಳಗಿನ ಸರ್ಕೀಟ್ ಪಟ್ಟಿ ಜೀವಂತ ಇತ್ತು. ಆ ಪಟ್ಟಿಗೆ ದೊಡ್ಡ ಮೋಟರ್ ಎಳಿಯೂ ತಾಕತ್ತು ಇಲ್ಲ, ನಡುವ ಗಾಡಿ ಹಾರ್ನಿನ ರಿಲೇ, ಅಂದ್ರ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡೂ ಸ್ವಿಚ್, ಕೂಡಿಸಿದೆ. ಕೈ ನೂರು ಸಲ ಜಾರಿತು, ಎಡಗೈ ಎರಡು ಸಲ ಸುಟಗೊಂಡೆ. ಆದ್ರೂ ಖರೇ ಹೇಳ್ತೀನಿ, ದವಾಖಾನಿ ಆದ ಮ್ಯಾಲ ಹೊತ್ತು ಹೋಗಿದ್ದು ಗೊತ್ತಾಗದ ದಿನ ಅಂದ್ರ ಅವೇ.

ಮೋಟರ್ ಮಾತ್ರ ಉಳೀತು. ತೊಗರಿಗೆ ಹುಳದ ಎಣ್ಣಿ ಹೊಡಿಯೂ ಬ್ಯಾಟರಿ ಸ್ಪ್ರೇಯರ್ ಇರ್ತದಲ್ಲ, ಬೆನ್ನಿಗೆ ಹಾಕೊಳ್ಳೂದು, ಅದರ ಸುಟ್ಟ ಮೋಟರ್ ಒಂದು ಆರಿಸಿ ಇಟ್ಟಿದ್ದೆ. ಐದು ಹಲ್ಲಿನ ಸಣ್ಣ ಆರ್ಮೇಚರ್. ಹಳೇ ತಂತಿ ಕಿತ್ತೆ, ಕುಂತೆ. ಮೊದಲನೇ ಹಲ್ಲಿಗೆ ಹನ್ನೆರಡು ಸುತ್ತು ಆಗೂದರಾಗ ತಂತಿ ಸಡಲಾತು. ಬಿಚ್ಚಿದೆ. ಮತ್ತ ಸುತ್ತಿದೆ, ಮತ್ತ ಸಡಲಾತು. ನಾಲ್ಕು ದಿನ ಹಿಂಗೇ ಆತು. ಬೆರಳು ತಂತಿ ಹಿಡದದ ಅಂತ ನಾ ತಿಳಕೊಂಡಿರ್ತಿದ್ದೆ, ನೋಡಿದ್ರ ಬರೇ ಗಾಳಿ ಹಿಡದಿರ್ತಿತ್ತು. ಐದನೇ ದಿನ ಅದನ್ನ ತೊಗೊಂಡು ಗ್ವಾಡಿಗೆ ಒಗದೆ. ಹೆಂಡತಿ ರೊಟ್ಟಿ ಬಡಿಯೂದು ಬಿಟ್ಟು ಬಂದ್ಳು, ಕೈಯಾಗಿನ ಹಿಟ್ಟು ಒರಸಿಕೊಂಡ್ಳು, ಗ್ವಾಡಿ ಬುಡಕಿನಿಂದ ಅದನ್ನ ಆರಿಸಿಕೊಂಡು ನನ್ನ ಎದುರಿಗೆ ಕುಂತ್ಳು.

"ನೀವು ಹೇಳ್ಕೋತ ಹೋಗ್ರಿ. ನಾ ಸುತ್ತತೀನಿ."

ಇಪ್ಪತ್ತು ವರ್ಷ ಆಕಿ ಅಂಗಡಿಗೆ ಬೇಕಾದ ಇನ್ಸುಲೇಶನ್ ಕಾಗದ ಮನ್ಯಾಗ ಕುಂತು ಕತ್ತರಿಸಿ ಮಡಚಿ ಕೊಟ್ಟಾಕಿ. ಮೋಟರಿನ ಒಳಗ ತಂತಿ ಕಬ್ಬಿಣಕ್ಕ ತಾಗಬಾರದಂತ ಇಡೂ ಕಾಗದ ಅದು. ಒಂದು ಕೂದಲೆಳಿ ಹೆಚ್ಚುಕಮ್ಮಿ ಆದ್ರ ನಾ ವಾಪಸ್ ಒಗೀತಿದ್ದೆ, ಹಂಗಾಗಿ ಆಕಿ ಕೈ ಒಂದು ಹದಕ್ಕ ಬಂದಿತ್ತು. ಹಂಗಂತ ನಾ ಒಂದು ದಿನಾನೂ ಆಕಿಗೆ ಹೇಳಿದಾಂವಲ್ಲ. ಈಗ ನಾ ಎಣಿಸಲಾಕತ್ತೆ, ಆಕಿ ಸುತ್ತಲಾಕತ್ತಿದ್ಳು. ಎಲ್ಲಿ ತಿರುವಬೇಕು, ಯಾವ ಹಲ್ಲಿನಿಂದ ಯಾವ ಹಲ್ಲಿಗೆ ಹಾರಬೇಕು, ಎಷ್ಟು ಜಗ್ಗಬೇಕು, ಎಲ್ಲಾ ನಾ ಹೇಳಿದ್ದೇ. ತೆಲಿ ನಂದು, ಆಕೀದು ಬರೇ ಕೈ ಅಂತ ನನಗ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಮಧ್ಯಾಹ್ನದಾಗ ಮುಗೀತು. ಬ್ಯಾಟರಿಗೆ ಹಚ್ಚಿದ್ರ ಸಪ್ಪಳಿಲ್ಲದಂಗ ತಿರುಗಿತು.

"ಇದನ್ನ ನಾ ಸುತ್ತೀನಿ ಅಂತ ತಿಳಕೋ" ಅಂದೆ.

"ನಾ ಯಾಕ ಯಾರಿಗೆ ಹೇಳ್ಲಿ" ಅಂದ್ಳು. ಒಳಗ ಹೋಗಿ ಉಳದ ಹಿಟ್ಟು ಬಡದ್ಳು.

ದನದ ತೊಟ್ಟ್ಯಾಗ ಬಿಟ್ಟು ನೋಡಿದಾಗ ದೋಣಿ ಎಡಕ್ಕ ವಾಲಿತು. ಬ್ಯಾಟರಿ ಜರಾ ಬಲಕ್ಕ ಸರಿಸಿ ಕಟ್ಟಿದೆ. ಬಣ್ಣ ಹಚ್ಚಿದೆ, ಹಲಿಗಿ ಗೆರಿ ಎಳದೆ, ಹಿಂದ ಅಂಬಿಗ ನಿಲ್ಲೂ ಜಾಗಾ ಮಾಡಿದೆ. ಅಂಬಿಗನ ಗೊಂಬಿ ಇಡ್ರಿ ಅಂದ್ಳು ಆಕಿ, ನಾ ಒಲ್ಲೆ ಅಂದೆ. ತಮ್ಮಗ ಫೋನ್ ಹಚ್ಚಿ, ಅಂಗಡಿ ಸೂಟಿ ದಿನ ಘತ್ತರಗಿಗೆ ಬಾ ಅಂತ ಹೇಳಿದೆ.

ಅಂವ ಬಂದ. ಹೊಳಿ ದಂಡ್ಯಾಗ ಸ್ನಾನ ಮಾಡೂ ಮಂದಿ, ಅರವಿ ಹಿಂಡೂ ಹೆಣಮಕ್ಕಳು, ಗುಡಿಗೆ ಕಾಯಿ ಒಡಸಲಾಕ ಬಂದವರು, ಎಲ್ಲಾ ಸೇರಿ ಒಂದು ಮೂವತ್ತು ನಲವತ್ತು ಮಂದಿ ನೆರೆದ್ರು. ಹೆಂಡತಿ ದೋಣಿ ಮೂತಿಗೆ ಕುಂಕುಮ ಹಚ್ಚಿದ್ಳು. ನೀರಿಗೆ ಬಿಟ್ಟು ಎಡಗೈಯಿಂದ ಗುಂಡಿ ಒತ್ತಿದೆ. ಹೋತು ನೋಡ್ರಿ. ಒಂದಿಷ್ಟೂ ಅಲುಗಾಡದಂಗ, ಮೂತಿ ಎತ್ತಿಕೊಂಡು, ನಮ್ಮವ್ವನ ಕಾಲದ ದೋಣಿ ಹೆಂಗ ಹೋಗತಿತ್ತೋ ಹಂಗೇ ಹೋತು. ಬಲಕ್ಕ ತಿರುಗಿಸಿದೆ, ತಿರುಗಿತು. ಒಬ್ಬ ಮುದುಕ, "ನಾ ಇದರಾಗ ಕುಂತು ಬೀಗರ ಊರಿಗೆ ಹೋಗೀನಿ" ಅಂತ ಬಾಜೂದವರಿಗೆ ಹೇಳಲಾಕತ್ತಿದ್ದ. ಮೋಬೈಲ್ ಎಲ್ಲಾ ಮ್ಯಾಲೆದ್ದವು. ತಮ್ಮ ನನ್ನ ಹೆಗಲ ಮ್ಯಾಲ ಕೈ ಇಟ್ಟ. "ಅಣ್ಣಾ, ಗೆದ್ದಿ ಬಿಡು. ಸೋಮವಾರ ಬಾ, ನಿನ್ನ ಸ್ಟೂಲು ಒಳಗ ಇಡ್ತೀನಿ" ಅಂದ. ಆ ಮಾತಿಗೆ ನನ್ನ ಕಣ್ಣಾಗ ನೀರು ಬಂತು, ನಾಚಿಕಿಲ್ಲದ ಹೇಳ್ತೀನಿ. ಸುಳ್ಳು ಹೇಳಿ ಗೆದ್ದೀನಿ ಅಂತ ಆ ಹೊತ್ತಿಗೆ ನೆನಪೂ ಆಗಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮಂದಿ, ಇನ್ನೊಂದು ಸಲ, ಇನ್ನೊಂದು ಸಲ ಅಂದ್ರು. ನಾ ಉಬ್ಬಿ ಹೋದೆ. ದೋಣಿ ದೂರ ಬಿಟ್ಟೆ. ನೀರಾಗಿನ ಕಸದ ಬಳ್ಳಿ ಫ್ಯಾನಿಗೆ ಸುತ್ತಿಕೊಂಡು ದೋಣಿ ಗಕ್ಕನೆ ನಿಂತಿತು. ಗುಂಡಿ ಬಿಟ್ಟೆ, ಆದ್ರ ಹಾರ್ನಿನ ರಿಲೇ ಅಂಟಿಕೊಂಡುಬಿಟ್ಟಿತ್ತು, ಮೋಟರಿಗೆ ಕರೆಂಟ್ ಹೋಗಲಾಕತ್ತೇ ಇತ್ತು. ಫ್ಯಾನು ತಿರುಗಲಾಕ ಆಗದ, ಕರೆಂಟ್ ನಿಲ್ಲದ, ಮೋಟರ್ ಇನ್ನೇನು ಸುಡ್ತದ ಅಂತ ನಾನೂ ತಮ್ಮನೂ ಇಬ್ಬರೂ ಹೊಗಿ ನೋಡ್ಕೋತ ನಿಂತ್ವಿ. ಹೊಗಿ ಬರಲಿಲ್ಲ. ತಮ್ಮ ಅಂಗಿ ಕಳದಿಟ್ಟು ಎದಿಮಟ ನೀರಿಗಿಳದು ತಂದ. ಬಳ್ಳಿ ಬಿಡಿಸಿದ ಕೂಡ್ಲೇ ಫ್ಯಾನು ಮತ್ತ ತಿರುಗಿತು, ಏನೂ ಆಗೇ ಇಲ್ಲ ಅನ್ನೂವಂಗ.

"ಇದು ಸುಡಬೇಕಿತ್ತು" ಅಂದ ತಮ್ಮ. "ಯಾಕ ಸುಡಲಿಲ್ಲ?"

ಅಂವ ವೈಂಡಿಂಗ್ ಕೆಲಸದಾಂವ. ಸುಡಬೇಕಾದ್ದು ಸುಡದಿದ್ರ ಅಂಥವರಿಗೆ ನಿದ್ದಿ ಹತ್ತೂದಿಲ್ಲ, ನನಗೂ ಹತ್ತತಿರಲಿಲ್ಲ. ಹೊಳಿಗೆ ಇಳಿಯೂ ಪಾವಟಿಗಿ ಮ್ಯಾಲ ಕುಂತು, ಜೇಬಿನ್ಯಾಗಿನ ಸ್ಕ್ರೂಡ್ರೈವರ್ ತಗದು ಮೋಟರ್ ಬಿಚ್ಚಿದ. ಬ್ಯಾಡ ಅಂತ ನಾ ಕೈ ಹಿಡೀಬೇಕಿತ್ತು. ಕೆಲಸ ನೋಡಿ ಅಂವ ಏನಂತಾನ ಅನ್ನೂ ಆಸಿಗೆ ಸುಮ್ಮನ ನಿಂತೆ. ನನ್ನ ಕೆಲಸ ಅಲ್ಲ ಅಂತ ಗೊತ್ತಿದ್ರೂ ನಿಂತೆ.

ಆರ್ಮೇಚರ್ ಬಿಸಲಿಗೆ ಹಿಡದು ತಿರುವಿ ತಿರುವಿ ನೋಡಿದ. "ಎಂಥಾ ಹಾಸು ಅಣ್ಣಾ, ಒಂದು ಸುತ್ತು ಮ್ಯಾಲ ಕೆಳಗ ಇಲ್ಲ" ಅಂದ. ಆಮ್ಯಾಲ ಮ್ಯಾಲಿನ ದಾರದ ಗಂಟಿಗೆ ಉಗುರು ಹಚ್ಚಿದ. ಸುತ್ತಿದ ತಂತಿ ಅಲುಗಾಡಬಾರದಂತ ನಮ್ಮ ಅಂಗಡ್ಯಾಗ ಹತ್ತಿ ದಾರ ಬಿಗಿದು ಮ್ಯಾಲ ವಾರ್ನಿಶ್ ಹಚ್ಚತೀವಿ. ಆ ದಾರದ ಗಂಟು ಒಬ್ಬೊಬ್ಬರದು ಒಂದೊಂದು ನಮೂನಿ. ನಂದು ಎರಡು ಸಲ ಒಳಗ ತೂರಿಸಿ ಹಿಂದಕ್ಕ ಜಗ್ಗೂದು, ತಮ್ಮಗೂ ಅದನ್ನೇ ಕಲಿಸೀನಿ. ಇದರ ಮ್ಯಾಲ ಇದ್ದದ್ದು ಹೂವಿನ ಮಾಲಿ ಕಟ್ಟೂ ಗಂಟು. ದಾರ ಬೆರಳಿಗೆ ಸುತ್ತಿ, ಮ್ಯಾಲಿಂದ ಕುಣಿಕಿ ಒಗದು ಜಗ್ಗೂದು, ಮಲ್ಲಿಗಿ ಕಟ್ಟೂ ಹೆಣಮಕ್ಕಳ ಕೈಗೆ ಬರೂದು. ಎರಡು ಮಧ್ಯಾಹ್ನ ಎದುರಿಗೆ ಕುಂತು ಸುತ್ತು ಎಣಿಸಿದ್ದೆ, ತಂತಿ ಜಗ್ಗಿದ್ದು ನೋಡಿದ್ದೆ. ಗಂಟಿನ ಕಡೆ ನೋಡೇ ಇರಲಿಲ್ಲ ನಾನು.

ತಮ್ಮ ನನ್ನ ಮುಖ ನೋಡಲಿಲ್ಲ. ಅರವಿ ಚೀಲ ಹಿಡಕೊಂಡು ನಿಂತಿದ್ದ ಹೆಂಡತಿ ಕೈ ನೋಡಿದ.

"ವೈನಿ, ಇದನ್ನ ನೀವು ಕಟ್ಟೀರೇನ್ರಿ?"

ಆಕಿ ನನ್ನ ಕಡೆ ನೋಡಿದ್ಳು. ನಾ ಅಂದೆ, "ದಾರ ಅಷ್ಟೇ ಆಕಿ ಕಟ್ಯಾಳ. ಸುತ್ತಿದಾಂವ ನಾನು."

"ಹೌದೇನಣ್ಣಾ" ಅಂದ. ಬ್ಯಾರೆ ಏನೂ ಕೇಳಲಿಲ್ಲ. ಒಂದು ತುಂಡು ತಂತಿ ಕೈಗೆ ಕೊಟ್ಟು, ಈಗ ಹತ್ತು ಸುತ್ತು ಹಾಕು ಅಂದಿದ್ರ ಅಲ್ಲೇ ಮುಗೀತಿತ್ತು. ಅಂವ ಹಂಗೆ ಮಾಡಲಿಲ್ಲ. ಮೋಟರ್ ಮತ್ತ ಜೋಡಿಸಿ, ಒರಸಿ, ದೋಣ್ಯಾಗ ಇಟ್ಟು ಕೊಟ್ಟ. ಅಷ್ಟು ಮರ್ಯಾದಿ ಕೊಟ್ಟನಲ್ಲ, ಅದನ್ನ ನಾ ಅವಗ ಇನ್ನೂ ಮಾಫ್ ಮಾಡಿಲ್ಲ.

ಸೋಮವಾರ ನಾ ಅಂಗಡಿಗೆ ಹೋಗಲಿಲ್ಲ, ಅಂವನೂ ಕರೀಲಿಲ್ಲ. ಎಂಟು ದಿನ ಬಿಟ್ಟು ಅಂವನೇ ಮನಿಗೆ ಬಂದ. ಚಹಾ ಕುಡದ, ಔಷಧ ತೊಗೊಳ್ಳಾಕತ್ತಿಯೇನು ಅಂತ ಕೇಳಿದ, ವಿಡಿಯೋ ಆಳಂದದ ತನಕ ಹೋಗ್ಯಾದ ಅಂತ ಹೇಳಿದ. "ನಿನಗ ಚಲೋ ಟೈಂಪಾಸ್ ಆತಣ್ಣಾ, ಇನ್ನೂ ಎರಡು ಮಾಡು, ಗಿರಾಕಿ ಕೇಳಲಾಕತ್ತಾರ" ಅಂದ. ಆಮ್ಯಾಲ ಕಪ್ಪು ಕೆಳಗಿಟ್ಟು ಒಳಗಿನ ಬಾಗಿಲ ಕಡೆ ತಿರುಗಿದ.

"ವೈನಿ, ಸೀಜನ್ ಬಂತ್ರಿ. ಮೋಟರ್ ಒಟ್ಟಿ ಬಿದ್ದಾವ. ನೀವು ಮನಿ ಕೆಲಸ ಮುಗಿಸಿಕೊಂಡು ನಾಲ್ಕು ತಾಸು ಬಂದು ಕುಂಡ್ರತೀರೇನ್ರಿ? ಸಣ್ಣವು ಅಷ್ಟೇ ಕೊಡ್ತೀನಿ."

"ಅವರನ್ನ ಕೇಳ್ರಿ" ಅಂದ್ಳು ಆಕಿ ಬಾಗಿಲಾಗಿಂದ.

ಇಬ್ಬರೂ ನನ್ನ ಮುಖ ನೋಡಿದ್ರು. ಒಲ್ಲೆ ಅನ್ನಲಾಕ ನನ್ನ ಹಂತ್ಯಾಕ ಏನಿತ್ತು? ಕೊಳಕೂರಿನ ಒಕ್ಕಲುತನದ ಮನ್ಯಾಗ ಹುಟ್ಟಿದ ಹೆಣಮಗಳು, ಅಂಗಡ್ಯಾಗ ಗಂಡಸರ ನಡುವ ಕುಂಡ್ರೂದು ಹೆಂಗ ಅಂತ ಅನಬಹುದಿತ್ತು. ಅದೂ ಸುಳ್ಳೇ ಆಗತಿತ್ತು. "ಹೋಗು" ಅಂದೆ. "ಹೋಗೂದಿದ್ರ ಹೋಗು, ನನ್ನ ಕೇಳೂದೇನದ ಅದರಾಗ."

ಆಕಿ ಹೋಗಲಾಕತ್ತಿದ್ಳು. ಒಳಗ, ಟ್ಯೂಬ್‌ಲೈಟಿನ ಬುಡಕ, ನನ್ನ ಜಾಗಾದಾಗೇ ಕುಂಡ್ರತಾಳಂತ. ನಾ ಹೋಗಿ ನೋಡಿಲ್ಲ, ಚಹಾದ ಅಂಗಡಿಯಾಂವ ಹೇಳಿದ. ಕಿಣ್ಣಿ ಸುಲ್ತಾನದ ಆ ರೈತ ಮತ್ತ ಒಂದು ಮೋಟರ್ ತಂದಿದ್ನಂತ, ಅಕ್ಕೋರ ಕೈಲೇ ಸುತ್ತಸ್ರಿ ಅಂದ್ನಂತ. ಮನಿಗೆ ಬಂದು ಆಕಿ ಅಂಗಡಿ ಸುದ್ದಿ ತಗೀತಿರಲಿಲ್ಲ. ಕೈ ತೊಳದು ಒಲಿ ಹಚ್ಚತಿದ್ಳು. ನಾನೂ ಕೇಳತಿರಲಿಲ್ಲ.

ಒಂದು ಸಂಜಿಮುಂದ, ಸೊಪ್ಪು ಸೋಸ್ಕೋತ ಕುಂತಾಕಿ ಕೇಳಿದ್ಳು. "ರೀ, ಇಪ್ಪತ್ತನಾಕು ಸ್ಲಾಟಿನ ಮೋಟರ್ ಬಂದದ. ಹಳೇ ತಂತಿ ಪೂರಾ ಸುಟ್ಟು ಹೋಗ್ಯಾದ, ಗುರ್ತು ಹತ್ತವಲ್ದು. ಒಂದನೇ ಸ್ಲಾಟಿನ್ಯಾಗ ಇಳಿಸಿದ ಕಾಯಿಲ್ ಎಷ್ಟನೇ ಸ್ಲಾಟಿನ್ಯಾಗ ಮ್ಯಾಲ ಬರಬೇಕ್ರಿ?"

ತಂತಿ ಯಾವ ಸಂದಿನ್ಯಾಗ ಇಳಿದು ಯಾವ ಸಂದಿನ್ಯಾಗ ಏಳಬೇಕು, ನನಗ ಗೊತ್ತಿತ್ತು. ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳೂ ಮಾತದು. ಆಕಿ ಸೊಪ್ಪು ಬಿಟ್ಟು ನನ್ನ ಕಡೆ ನೋಡಿಕೋತ ಕುಂತಿದ್ಳು, ಹೇಳಿದ್ರ ಬರಕೊಳ್ಳಲಾಕ ಪೆನ್ನು ಬಾಜೂಕ ಇಟ್ಟುಕೊಂಡಿದ್ಳು.

"ನಿನ್ನ ಮೈದುನನ್ನ ಕೇಳು" ಅಂದೆ.

ಮರುದಿನ ಅವನನ್ನೇ ಕೇಳಿದ್ಳಂತ. ಅಂವ ಹೇಳಿಕೊಟ್ಟ. ಇದೆಲ್ಲಾ ಆಗಿ ಎಂಟು ತಿಂಗಳಾತು. ಆಕಿ ಮತ್ತ ನನ್ನ ಒಂದು ಮಾತೂ ಕೇಳಿಲ್ಲ.